ಡೊರೊಥಿಯಾಳ ಪಿಸುಮಾತಿನ ಪೆಟ್ಟಿಗೆ

ಹೋದ ತಿಂಗಳು ಪಕ್ಕದ ಮನೆಯವರು ತಮ್ಮ ಹಿತ್ತಲಿನ ಪೈನ್ ಮರವನ್ನು ಕಡಿಸಿದರು. ಅಮೆರಿಕದ ಸ್ಟರ್ಲಿಂಗಿನ ನಮ್ಮ ಬೀದಿಯಲ್ಲಿ ಮರ ಕಡಿಸುವುದೆಂದರೆ ದಿನವಿಡೀ ನಡೆಯುವ ಗಲಾಟೆ. ಲಾರಿ ಬರುತ್ತದೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡವರು ಮೇಲೆ ಹತ್ತುತ್ತಾರೆ, ಮರ ಕೊಯ್ಯುವ ಮೆಷಿನ್ನು ಸಂಜೆಯವರೆಗೆ ಕಿವಿ ಕೊರೆಯುತ್ತದೆ. ಕಿಟಕಿ ಮುಚ್ಚಲು ಎದ್ದವಳು ಮುಚ್ಚದೆ ಅಲ್ಲೇ ನಿಂತುಬಿಟ್ಟೆ. ಹಸಿ ಪೈನ್ ಮರದ ಹೊಟ್ಟಿನ ವಾಸನೆ, ಅದರ ಜೊತೆಗೆ ಒಂದಿಷ್ಟು ಪೆಟ್ರೋಲಿನ ವಾಸನೆ. ಕೆಳಗೆ ಆಫೀಸಿನ ಕಾಲ್‌ನಲ್ಲಿದ್ದ ನಮ್ಮ ಯಜಮಾನರು ಕಿಟಕಿ ಮುಚ್ಚು ಎಂದು ಎರಡು ಸಲ ಕೂಗಿದರು. ಅವರಿಗೇನು ಗೊತ್ತು, ನಾನಾಗಲೇ ಸುಮಾರು ಮೂವತ್ತು ವರ್ಷ ಹಿಂದಕ್ಕೆ, ನಾರ್ತ್ ಕ್ಯಾರೊಲೈನಾದ ಏಪೆಕ್ಸಿಗೆ ಹೋಗಿಬಿಟ್ಟಿದ್ದೆ ಎಂದು.

ಅದು ತೊಂಬತ್ತಾರನೆಯ ಇಸವಿ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದು, ಬೆಂಗಳೂರಿನಲ್ಲಿ ಕೆಲವು ವರ್ಷ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆದು, ಕಂಪನಿಯವರು ವೀಸಾ ಮಾಡಿಸಿ ಕಳಿಸಿದ ಕಡೆ ಹೋದವಳು ನಾನು. ಮದುವೆಯಾಗದ ಹುಡುಗಿ ಒಬ್ಬಳೇ ಅಮೆರಿಕಕ್ಕೆ ಹೊರಟದ್ದು ನಮ್ಮ ಬೀದಿಯಲ್ಲಿ ಸಣ್ಣ ಸುದ್ದಿಯಾಗಿರಲಿಲ್ಲ. ಅಮ್ಮಿ ಅಳುತ್ತ ಉಪ್ಪಿನಕಾಯಿ ಕಟ್ಟಿಕೊಟ್ಟರು, ಅಬ್ಬಾ ಅಳದೆ ಸೂಟ್‌ಕೇಸಿಗೆ ಹಗ್ಗ ಬಿಗಿದರು. ಇಷ್ಟೆಲ್ಲ ಮಾಡಿ ಬಂದು ನೋಡಿದರೆ ಕೆಲಸವೇನು? ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂಬ ಭಯ ಆಗತಾನೇ ಶುರುವಾಗಿತ್ತು. ಒಂದು ವಿಮಾ ಕಂಪನಿಯ ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿ ಎರಡಂಕಿಯಲ್ಲಿದ್ದ ಕಡೆಯೆಲ್ಲ ನಾಲ್ಕಂಕಿ ಮಾಡುತ್ತ ಕೂರಬೇಕಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಕಾರು ಓಡಿಸಲು ಬಾರದ ನನಗೆ ಆಸರೆಯಾದವಳು ಅದೇ ಆಫೀಸಿನ ವೀಣಾ. ಬಸವನಗುಡಿಯವಳು, ಗಂಡ ಅರುಣನ ಜೊತೆ ಏಪೆಕ್ಸಿನಲ್ಲಿದ್ದಳು. ದಿನಾ ನನ್ನನ್ನು ತನ್ನ ಕಾರಿನಲ್ಲಿ ಕರೆದೊಯ್ಯುತ್ತಿದ್ದವಳು, ತನ್ನ ಬೀದಿಯಲ್ಲೇ ಒಂದು ಮಹಡಿಕೋಣೆಯನ್ನೂ ಹುಡುಕಿಕೊಟ್ಟಳು. ರೈಲು ಹಳಿಯ ಪಕ್ಕದ ಹಳೆಯ ಮರದ ಮನೆ. ಮನೆಯೊಡತಿ ಗೆರ್ಡಾ ಎಂಬ ಜರ್ಮನ್ ಹೆಂಗಸು. ಎಪ್ಪತ್ತು ದಾಟಿತ್ತು, ಗಂಡ ತೀರಿಕೊಂಡಿದ್ದರು, ಬೆನ್ನು ಮಾತ್ರ ಕಂಬದ ಹಾಗೆ ನೆಟ್ಟಗಿತ್ತು. ಮೊದಲ ದಿನ ನಾನು ಆಂಟಿ ಎಂದಾಗ, ನಾನು ನಿನ್ನ ಆಂಟಿಯಲ್ಲ ಎಂದರು. ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ತಿಂಗಳು ಕಳೆಯುವುದರೊಳಗೆ ಅವರೇ ಫೋನಿನಲ್ಲಿ ಯಾರಿಗೋ ‘ನಾನು ಇವಳ ಆಂಟಿ’ ಎಂದು ಹೇಳುತ್ತಿದ್ದರು.

ಪೈನ್ ಮರಗಳ ಹಳದಿ ಪರಾಗ ಊರನ್ನೆಲ್ಲ ಅರಿಸಿನ ಮೆತ್ತಿದಂತೆ ಮಾಡಿದ್ದ ದಿನಗಳಲ್ಲಿ, ಜಗುಲಿ ಗುಡಿಸುತ್ತ, ಅವರು ತಮ್ಮ ಕಥೆ ಹೇಳಿದರು. ಅವರು ಹುಟ್ಟಿದ ಪುಟ್ಟ ಊರು ಹಿಂದೆ ಒಬ್ಬ ಡ್ಯೂಕನ ರಾಜಧಾನಿಯಾಗಿತ್ತಂತೆ. ರಾಜಧಾನಿ ಎಂದರೆ ಮೈಸೂರನ್ನು ಊಹಿಸಿಕೊಳ್ಳಬೇಡಿ. ನಮ್ಮ ದೇವರಾಜ ಮಾರುಕಟ್ಟೆಯಿಂದ ರೈಲ್ವೆ ಸ್ಟೇಷನ್ನಿಗೆ ನಡೆಯುವಷ್ಟರಲ್ಲಿ ಮುಗಿದುಹೋಗುವಂಥ ಸಂಸ್ಥಾನ. ಸಂಸ್ಥಾನ ಹೋಗಿ, ಡ್ಯೂಕನೂ ಹೋಗಿ, ಅವನ ಆಸ್ಥಾನದ ನಾಟಕಶಾಲೆ ಮಾತ್ರ ಉಳಿದಿತ್ತು. ಯುದ್ಧ ಮುಗಿದ ಮೇಲೆ ಗೆರ್ಡಾ ಆಂಟಿ ಅಲ್ಲಿ ಮೇಳದಲ್ಲಿ ಹಾಡುವ ಕೆಲಸಕ್ಕೆ ಸೇರಿದರು. ಜೊತೆಗೆ ಒಪೆರಾದ ಮುಖ್ಯ ಗಾಯಕಿಗೆ ಬದಲಿ. ಮುಖ್ಯ ಗಾಯಕಿಗೆ ಕಾಯಿಲೆಯಾದರೆ ಬದಲಿಯವಳು ರಂಗಕ್ಕೆ ಹೋಗಬೇಕು. ಅದಕ್ಕಾಗಿ ಪಾತ್ರವನ್ನೆಲ್ಲ ಕಲಿತು, ಮುಖಕ್ಕೆ ಬಣ್ಣ ಹಚ್ಚಿಕೊಂಡು, ಪರದೆಯ ಹಿಂದೆ ಸಿದ್ಧವಾಗಿರಬೇಕು. ಆರು ವರ್ಷ ಅವರು ಹೀಗೆ ಕಾದರು. ಆರು ವರ್ಷದಲ್ಲಿ ಆ ಮಹಾತಾಯಿಗೆ ಒಂದು ನೆಗಡಿಯೂ ಬರಲಿಲ್ಲ. ಆಮೇಲೆ ಗೆರ್ಡಾ ಆಂಟಿ ಒಬ್ಬ ಅಮೆರಿಕನ್ ಸೈನಿಕನನ್ನು ಮದುವೆಯಾಗಿ ಕ್ಯಾರೊಲೈನಾಕ್ಕೆ ಬಂದು, ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸಿ ನಿವೃತ್ತರಾದರು.

ಆ ನಾಟಕಶಾಲೆಯ ಪಡಸಾಲೆಯಲ್ಲಿ ಒಬ್ಬ ಹೆಂಗಸಿನ ಚಿತ್ರವಿತ್ತಂತೆ, ಇನ್ನೂರು ವರ್ಷದ ಹಿಂದಿನದು. ಹೆಸರು ಡೊರೊಥಿಯಾ. ಡ್ಯೂಕನ ಆಸ್ಥಾನ ನಟಿ, ಆಸ್ಥಾನ ಗಾಯಕಿ. ಕಾಯುವ ಆ ವರ್ಷಗಳಲ್ಲಿ ಗೆರ್ಡಾ ಆಂಟಿ ದಿನಾ ಆ ಚಿತ್ರದ ಕೆಳಗೇ ಕೂರುತ್ತಿದ್ದರು. ಉಡುಪಿನ ಕೋಣೆಯ ಮುದುಕಿಯರು ಹೇಳುತ್ತಿದ್ದ ಅವಳ ಕಥೆಗಳನ್ನು ಕೇಳುತ್ತಿದ್ದರು.

ಡೊರೊಥಿಯಾ ಊರೂರು ತಿರುಗುವ ನಾಟಕದವರ ಮಗಳು. ನಡೆಯಲು ಕಲಿಯುವ ಹೊತ್ತಿಗೇ ರಂಗದ ಮೇಲಿದ್ದಳು. ಹದಿನಾರಕ್ಕೆ ಡ್ಯೂಕನ ಕಣ್ಣಿಗೆ ಬಿದ್ದು ಆಸ್ಥಾನ ಸೇರಿದಳು. ಸಂಸ್ಥಾನ ಚಿಕ್ಕದು, ನಟಿಗೊಬ್ಬಳು ಗಾಯಕಿಗೊಬ್ಬಳು ಎಂದು ಇಟ್ಟುಕೊಳ್ಳುವ ಹಾಗಿರಲಿಲ್ಲ. ಮಂಗಳವಾರ ದುರಂತ ನಾಟಕದಲ್ಲಿ ರಾಣಿಯಾಗಿ ಸಾಯಬೇಕು, ಗುರುವಾರ ಒಪೆರಾದಲ್ಲಿ ದೇವತೆಯಾಗಿ ಹಾಡಬೇಕು, ಶನಿವಾರ ಹಾಸ್ಯ ನಾಟಕದಲ್ಲಿ ಕೆಲಸದವಳಾಗಿ ಬಿಂದಿಗೆ ಒಡೆಯಬೇಕು. ಉಡುಪು ಅವಳದೇ. ಒಂದೇ ನೀಲಿ ರೇಷ್ಮೆಯನ್ನು ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು, ರಾಣಿಗೂ ದೇವತೆಗೂ ಹೊಂದಿಸುತ್ತಿದ್ದಳು. ಡ್ಯೂಕ್ ಚಪ್ಪಾಳೆ ತಟ್ಟುವವರೆಗೆ ಸಭೆಯಲ್ಲಿ ಯಾರೂ ತಟ್ಟುವಂತಿಲ್ಲ. ಊರು ಬಿಟ್ಟು ಹೋಗಬೇಕಾದರೆ ಅಪ್ಪಣೆ, ಮದುವೆಗೂ ಅಪ್ಪಣೆ. ವಾದ್ಯಮೇಳದಲ್ಲಿ ಕೊಂಬು ಊದುವವನ ಕೈ ಹಿಡಿಯಲು ಅವಳು ವರ್ಷವಿಡೀ ಕಾಯಬೇಕಾಯಿತು. ಇದನ್ನು ಕೇಳಿ ನನಗೆ ನಗು ಬಂತು. ಊರಿಗೆ ಹೋಗಿಬರಲು ನನಗೂ ಕಂಪನಿಯ ವಕೀಲರ ಅಪ್ಪಣೆ ಬೇಕಿತ್ತು.

ಮೂವತ್ತು ದಾಟಿದ ಮೇಲೆ ಅವಳಿಗೆ ಬಾಣಂತಿ ಜ್ವರ ಬಂತು. ಜೀವ ಉಳಿಯಿತು, ದನಿ ಹೋಯಿತು. ದನಿ ಹೋದ ಗಾಯಕಿಯನ್ನು ಯಾವ ಆಸ್ಥಾನ ಇಟ್ಟುಕೊಳ್ಳುತ್ತದೆ? ಡೊರೊಥಿಯಾ ಅಳುತ್ತ ಕೂರಲಿಲ್ಲ. ನಾಟಕಶಾಲೆಯ ಮೇಲ್ವಿಚಾರಕನ ಬಳಿಗೆ ಹೋಗಿ, ಪ್ರಾಂಪ್ಟರ್ ಪೆಟ್ಟಿಗೆಯನ್ನು ತನಗೆ ಕೊಡಿ ಎಂದು ಕೇಳಿದಳು. ರಂಗದ ಮುಂಭಾಗದಲ್ಲಿ, ಅರ್ಧ ನೆಲದೊಳಗೆ ಹುದುಗಿರುವ ಮರದ ಪೆಟ್ಟಿಗೆ ಅದು. ಬಾಯಿ ನಟರ ಕಡೆಗೆ, ಬೆನ್ನು ಸಭೆಯ ಕಡೆಗೆ. ಒಳಗೆ ಕುಳಿತವರು ನಟರಿಗೆ ಮಾತು ಹೇಳಿಕೊಡಬೇಕು, ಸಭೆಗೆ ಕೇಳಿಸಬಾರದು. ಊರಿನ ಬೆಳಕೆಲ್ಲ ತನ್ನ ಮುಖದ ಮೇಲೆ ಬೀಳುತ್ತಿದ್ದ ಕಡೆಯೇ, ಅದರ ಕೆಳಗಿನ ಕತ್ತಲಲ್ಲಿ ಕುಳಿತು, ತಾನು ಹಾಡುತ್ತಿದ್ದ ಹಾಡುಗಳನ್ನು ಅವಳು ಚಿಕ್ಕ ಹುಡುಗಿಯರ ಬಾಯಿಗೆ ಸಾಲು ಸಾಲಾಗಿ ಇಟ್ಟಳು. ಮುಪ್ಪಿನವರೆಗೂ ಅದೇ ಕೆಲಸ.

ಈ ಬದುಕನ್ನು ಗೆರ್ಡಾ ಆಂಟಿ ಒಬ್ಬರೇ ಆಡುವ ನಾಟಕವಾಗಿ ಬರೆದಿಟ್ಟಿದ್ದರು. ಕಥೆ ಇಂಗ್ಲಿಷಿನಲ್ಲಿ, ಹಾಡುಗಳೂ ಪದ್ಯದ ಮಾತುಗಳೂ ಜರ್ಮನ್‌ನಲ್ಲಿ. ಒಂದೇ ಒಂದು ಸಲ ಮುಖ್ಯ ಪಾತ್ರದಲ್ಲಿ ನಿಂತು, ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಆಡಿ ಮುಗಿಸಬೇಕು, ಅವರಿಗಿದ್ದ ಆಸೆ ಅಷ್ಟೇ. ಆದರೆ ಆ ಜನವರಿಯಲ್ಲಿ ಅವರಿಗೆ ಸಣ್ಣ ಸ್ಟ್ರೋಕ್ ಆಗಿತ್ತು. ಕೈಕಾಲಿಗೆ ಏನೂ ಆಗಿರಲಿಲ್ಲ, ರಾಗವೂ ಹಾಗೇ ಇತ್ತು. ಮಾತು ಮಾತ್ರ ನಾಲಿಗೆಯ ತುದಿಯವರೆಗೆ ಬಂದು ತಪ್ಪಿಸಿಕೊಳ್ಳುತ್ತಿತ್ತು. ಉಪ್ಪು ಕೊಡು ಎನ್ನಲು ಹೋಗಿ, ಅದು, ಆ ಬಿಳಿಯದು, ಎಂದು ಮೇಜು ಕುಟ್ಟುತ್ತಿದ್ದರು. ಮಗ ರಾಲ್ಫ್ ಜಾರ್ಜಿಯಾದ ಕಮ್ಮಿಂಗ್‌ನಲ್ಲಿ ಹೊಸ ಮನೆ ಕೊಂಡು, ಕೆಳಗಿನ ಕೋಣೆಯನ್ನು ತಾಯಿಗೆಂದು ಸಿದ್ಧ ಮಾಡಿ ಕಾಯುತ್ತಿದ್ದ. ಒಳ್ಳೆಯ ಮಗನೇ. ನಾಟಕ ಮುಗಿಯಲಿ, ಬರುತ್ತೇನೆ ಎಂದು ಇವರು ಹೇಳಿದ್ದರು. ಸೆಪ್ಟೆಂಬರಿನ ಒಂದು ಭಾನುವಾರಕ್ಕೆ ಬೀದಿಯ ಕೊನೆಯ ಚರ್ಚಿನ ಸಭೆಯ ಹಾಲು ಗೊತ್ತುಮಾಡಿಯಾಗಿತ್ತು. ಪಿಯಾನೋ ನುಡಿಸಲು ಚರ್ಚಿನವರೇ ಒಬ್ಬರು ಒಪ್ಪಿದ್ದರು. ಮಾತು ಹೇಳಿಕೊಡಲು, ಸಂಗೀತದ ಹಾಳೆ ಓದಬಲ್ಲವರು ಒಬ್ಬರು ಬೇಕಿತ್ತು.

ನಾನು ಸಿಕ್ಕಿಬಿದ್ದದ್ದು ನಮ್ಮ ದಾದಾ, ಅಂದರೆ ಅಬ್ಬಾನ ತಂದೆಯ ದೆಸೆಯಿಂದ. ದಾದಾ ಮೈಸೂರು ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಕೈಯಲ್ಲಿ ಬಲವಿಲ್ಲದ ಕಾಲದಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಐದು ಗೆರೆಗಳ ಮೇಲೆ ಕಪ್ಪು ಗುಂಡು ಬರೆದು, ಪಾಶ್ಚಾತ್ಯ ಸಂಗೀತ ಓದುವುದನ್ನು ಕಲಿಸಿದ್ದರು. ಅದು ನನಗೆ ಇಪ್ಪತ್ತು ವರ್ಷ ಯಾವ ಕೆಲಸಕ್ಕೂ ಬಂದಿರಲಿಲ್ಲ. ಒಂದು ಸಂಜೆ ಪಿಯಾನೋ ಮೇಲಿದ್ದ ಹಾಳೆ ನೋಡುತ್ತ ನನಗೇ ತಿಳಿಯದೆ ಗುನುಗಿದೆ. ಗೆರ್ಡಾ ಆಂಟಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು.

ಜರ್ಮನ್ ಒಂದಕ್ಷರವೂ ಬರುವುದಿಲ್ಲ ಎಂದು ಕೈಮುಗಿದೆ. ಬಿಡಲಿಲ್ಲ. ಕೊನೆಗೆ ಪೈಗಂಬರರ ಮೇಲಿನ ಸೀರತ್ ಹಾಡುಗಳಿಂದ ಹಿಡಿದು ಹಿಂದಿ ಸಿನಿಮಾ ಹಾಡಿನವರೆಗೆ ಶಾಲೆಯಲ್ಲಿ ನಾವು ಮಾಡುತ್ತಿದ್ದುದನ್ನೇ ಮಾಡಿದೆ. ಅವರು ನಿಧಾನವಾಗಿ ಹೇಳುತ್ತ ಹೋದರು, ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತ ಹೋದೆ. ನಮ್ಮಲ್ಲಿಲ್ಲದ ದನಿ ಬಂದ ಕಡೆ ಕೆಂಪು ಚುಕ್ಕೆ ಇಟ್ಟೆ. ಅರ್ಥ ಗೊತ್ತಿಲ್ಲದಿದ್ದರೂ ಓದಿದ್ದು ಕೇಳಿ ಅವರು ಕಣ್ಣರಳಿಸಿದರು. ತಮ್ಮೂರಿನ ಅಂಚೆಯವನ ಹೆಂಡತಿ ಹೀಗೇ ಮಾತಾಡುತ್ತಿದ್ದಳು ಎಂದರು. ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೇಸಿಗೆಯುದ್ದಕ್ಕೂ ಅಭ್ಯಾಸ ನಡೆಯಿತು. ಹೊರಗೆ ಬೆವರು ಕಿತ್ತುಬರುವ ಸೆಕೆ, ಮರಗಳಲ್ಲಿ ಜೀರುಂಡೆಗಳ ಕೂಗು. ಮೊದಲ ವಾರವೇ ಒಂದು ವಿಚಿತ್ರವಾಯಿತು. ದೇವತೆಯ ಹಾಡಿನಲ್ಲಿ ದನಿ ಮೇಲಕ್ಕೆ ಹೋಗಿ ತಿರುಗಿ ಇಳಿಯುವ ಒಂದು ಜಾಗವಿದೆ. ಅಲ್ಲಿಗೆ ಬಂದಾಗಲೆಲ್ಲ ಅವರು ನನ್ನ ಮುಖ ನೋಡಿ ತಟ್ಟನೆ ನಿಲ್ಲಿಸುತ್ತಿದ್ದರು. ಮತ್ತೆ ಮೊದಲಿನಿಂದ. ಮತ್ತೆ ಅದೇ ಜಾಗ, ಮತ್ತೆ ನಿಲುಗಡೆ. ಮೂರು ದಿನ ಹೀಗಾಯಿತು. ನಾಲ್ಕನೆಯ ದಿನ ಕಣ್ಣಲ್ಲಿ ನೀರು ತುಂಬಿಕೊಂಡು, ಎಲ್ಲಿ ತಪ್ಪಾಗುತ್ತಿದೆ ಎಂದಾದರೂ ಹೇಳು ಎಂದರು. ತಪ್ಪೇ? ಅಷ್ಟು ಚೆನ್ನಾಗಿ ಹಾಡುತ್ತಿದ್ದರು, ನಾನು ಮೈಮರೆತು ತಲೆದೂಗುತ್ತಿದ್ದೆ. ಮೈಸೂರಿನಲ್ಲಿ ಕಚೇರಿಯ ಮುಂದಿನ ಸಾಲಿನವರು ತಲೆದೂಗದಿದ್ದರೆ ಹಾಡುವವರಿಗೆ ಬೇಸರವಾಗುತ್ತದೆ. ಜರ್ಮನಿಯಲ್ಲಿ ತಲೆ ಅತ್ತಿತ್ತ ಆಡಿದರೆ ಬೇಡ, ತಪ್ಪು, ನಿಲ್ಲಿಸು ಎಂದು ಅರ್ಥವಂತೆ. ಇದು ತಿಳಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂದಿನಿಂದ ನಾನು ಗಲ್ಲಕ್ಕೆ ಕೈ ಕೊಟ್ಟು ಕೂರುವುದನ್ನು ಅಭ್ಯಾಸ ಮಾಡಿಕೊಂಡೆ. ಸುಲಭವಾಗಿರಲಿಲ್ಲ.

ಇನ್ನೊಂದು ಅಷ್ಟು ಬೇಗ ಬಗೆಹರಿಯಲಿಲ್ಲ. ಅವರು ಮಾತು ಮರೆತು ತಡವರಿಸಿದಾಗ ನಾನು ಕಾಯುತ್ತಿದ್ದೆ. ದೊಡ್ಡವರು ಮಾತಾಡುವಾಗ ಬಾಯಿ ಹಾಕಬಾರದು, ಮರೆತದ್ದನ್ನು ಎತ್ತಿ ತೋರಿಸಬಾರದು, ಹೀಗೆ ಬೆಳೆದವಳು ನಾನು. ಅವರಾಗಿಯೇ ನೆನಪಿಸಿಕೊಳ್ಳಲಿ, ತೀರಾ ಆಗದಿದ್ದರೆ ಮೆಲ್ಲನೆ ಹೇಳೋಣ ಎಂಬುದು ನನ್ನ ಮರ್ಯಾದೆ. ಆ ಮರ್ಯಾದೆಯಿಂದ ಅವರು ಇನ್ನಷ್ಟು ಗಾಬರಿಯಾಗಿ, ಮುಂದಿನ ನಾಲ್ಕು ಸಾಲನ್ನೂ ಕಳೆದುಕೊಳ್ಳುತ್ತಿದ್ದರು. ಒಂದು ಶನಿವಾರ ಪಿಯಾನೋ ಮುಚ್ಚಳವನ್ನು ದಬ್ಬೆಂದು ಮುಚ್ಚಿದರು.

“ನಾನು ಬಿದ್ದ ಮೇಲೆ ಕೈ ಕೊಡೋಕೆ ನೀನು ಬೇಡ, ಮುಬೀನಾ. ಪ್ರತಿ ಸಾಲು ಹೇಳು. ನಾನು ಮರೆತಿರಲಿ ಬಿಡಲಿ, ನನಗಿಂತ ಒಂದು ಹೆಜ್ಜೆ ಮುಂದೆ ಇರು. ಆಗ ಯಾವುದನ್ನ ಮರೆತೆ, ಯಾವುದು ನೆನಪಿತ್ತು ಅಂತ ನಿನಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ.”

ಅಲ್ಲಿನ ನಾಟಕಶಾಲೆಗಳಲ್ಲಿ ಪದ್ಧತಿಯೇ ಹಾಗಂತೆ. ಎಷ್ಟೇ ದೊಡ್ಡ ಗಾಯಕಿಯಾಗಲಿ, ಪ್ರತಿ ಸಾಲಿನ ಮೊದಲ ಮಾತು ಪೆಟ್ಟಿಗೆಯಿಂದ ಬಂದೇ ಬರುತ್ತದೆ. ಅದರಲ್ಲಿ ಅವಮಾನವಿಲ್ಲ. ನನಗೆ ಇದು ಮನಸ್ಸಿಗೆ ಇಳಿಯಲು ಜುಲೈ ಪೂರ್ತಿ ಬೇಕಾಯಿತು. ಆಗಸ್ಟಿನ ಹೊತ್ತಿಗೆ ನನ್ನ ಪಿಸುಮಾತೂ ಅವರ ಮಾತೂ ಒಂದರ ಹಿಂದೊಂದು ಸಲೀಸಾಗಿ ಹೊರಡುತ್ತಿದ್ದವು. ಆಫೀಸಿನಲ್ಲೂ ನಾನು ಬಾಯಿ ಅಲ್ಲಾಡಿಸುತ್ತಿದ್ದೆನಂತೆ.

“ಅಲ್ಲ ಕಣೇ, ವೀಕೆಂಡ್ ಪೂರ್ತಿ ಆ ಆಂಟಿ ಜೊತೆ ಪ್ರಾಕ್ಟೀಸ್ ಮಾಡ್ತೀಯ,” ಎಂದು ವೀಣಾ ಬೈದಳು. “ಡ್ರೈವಿಂಗ್ ಟೆಸ್ಟಿಗೆ ಯಾವಾಗ ಅಪ್ಲೈ ಮಾಡ್ತೀಯ? ನಾನೇನು ಲೈಫ್ ಲಾಂಗ್ ನಿಂಗೆ ರೈಡ್ ಕೊಡ್ತಿರ್ಬೇಕಾ?” ಬೈದವಳೇ ತನ್ನ ಮನೆಗೆ ಬಂದ ಹೊಸ ಫ್ರಿಜ್ಜಿನ ರಟ್ಟಿನ ಡಬ್ಬವನ್ನು ಕಾರಿನ ಮೇಲೆ ಕಟ್ಟಿಕೊಂಡು ತಂದುಕೊಟ್ಟಳು. ಅದೇ ನನ್ನ ಪೆಟ್ಟಿಗೆಯಾಯಿತು. ಅರುಣ ಒಂದು ಕಡೆ ಕೊಯ್ದು ಬಾಯಿ ಮಾಡಿದ, ನಾನು ಕಂದು ಬಣ್ಣ ಬಳಿದೆ.

ನಾಟಕಕ್ಕೆ ಮೂರು ದಿನವಿದ್ದಾಗ ಸಮುದ್ರದ ಕಡೆಯಿಂದ ಬಿರುಗಾಳಿ ಬಂತು. ಬೆಳಗಾಗಿ ನೋಡಿದರೆ ಬೀದಿಯೇ ಕಾಣದು. ಪೈನ್ ಮರಗಳು ರಸ್ತೆಗೆ, ಕಾರುಗಳಿಗೆ, ಮನೆಗಳಿಗೆ ಅಡ್ಡಡ್ಡ ಬಿದ್ದಿದ್ದವು. ಕರೆಂಟು ಹೋಯಿತು, ವಾರವಾದರೂ ಬರುವ ಲಕ್ಷಣವಿಲ್ಲ. ಆಫೀಸಿಗೂ ರಜೆ. ನಾಟಕ ನಿಂತಿತು ಎಂದೇ ನಾನು ಅಂದುಕೊಂಡೆ, ಒಳಗೊಳಗೆ ಸಮಾಧಾನವೂ ಆಯಿತು. ಆದರೆ ನಡೆದದ್ದೇ ಬೇರೆ. ಎಲ್ಲರ ಫ್ರೀಜರಿನಲ್ಲಿದ್ದ ಮಾಂಸ ಕರಗತೊಡಗಿತ್ತು. ಕೆಡುವ ಮೊದಲು ತನ್ನಿ, ಎಲ್ಲರೂ ಒಟ್ಟಿಗೆ ಬೇಯಿಸಿ ತಿನ್ನೋಣ ಎಂದು ಚರ್ಚಿನ ಪಾದ್ರಿ ಸಾರಿದರು. ಭಾನುವಾರ ಬೆಳಿಗ್ಗೆ ಅಂಗಳದ ತುಂಬ ಹೊಗೆ. ಕ್ಯಾರೊಲೈನಾದಲ್ಲಿ ಬಾರ್ಬೆಕ್ಯೂ ಎಂದರೆ ಹಂದಿಯೇ. ಬಸವನಗುಡಿಯ ವೀಣಾ, ಮಂಡಿ ಮೊಹಲ್ಲಾದ ನಾನು, ಇಬ್ಬರೂ ಒಂದೇ ತಟ್ಟೆಯಲ್ಲಿ ಸುಟ್ಟ ಜೋಳದ ತೆನೆ ಇಟ್ಟುಕೊಂಡು ಒಂದು ಮೂಲೆ ಹಿಡಿದೆವು. ಕರಗುತ್ತಿದ್ದ ಐಸ್‌ಕ್ರೀಮನ್ನು ಮಾತ್ರ ಯಾವ ಭೇದವೂ ಇಲ್ಲದೆ ತಿಂದೆವು.

ಟಿವಿ ಇಲ್ಲ, ಮನೆಯಲ್ಲಿ ಸೆಕೆ, ಹೊಟ್ಟೆ ತುಂಬಿದೆ. ನಾಟಕವಿದೆ ಎಂದಾಗ ಊರಿಗೆ ಊರೇ ಹಾಲಿನೊಳಗೆ ನುಗ್ಗಿತು. ಮಾಮೂಲಿನಲ್ಲಾದರೆ ಅದರ ಕಾಲು ಭಾಗವೂ ಬರುತ್ತಿರಲಿಲ್ಲ. ಜನ ಗೋಡೆಗೆ ಒರಗಿ ನಿಂತರು. ಗಾಳಿಗಾಗಿ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಜಾರ್ಜಿಯಾದಿಂದ ಬಂದ ರಾಲ್ಫ್ ಮೊದಲ ಸಾಲಿನಲ್ಲಿದ್ದ. ನೀಲಿ ರೇಷ್ಮೆ ಉಟ್ಟ ಗೆರ್ಡಾ ಆಂಟಿ ಬೆಳಕಿಗೆ ಬಂದಾಗ ಅವರಿಗೆ ಎಪ್ಪತ್ತು ದಾಟಿದೆ ಎಂದು ನನಗೇ ನಂಬಲಾಗಲಿಲ್ಲ. ರಾಣಿಯಾಗಿ ಸತ್ತರು, ದೇವತೆಯಾಗಿ ಹಾಡಿದರು, ಬಿಂದಿಗೆ ಒಡೆದರು. ಡ್ಯೂಕ್ ಚಪ್ಪಾಳೆ ತಟ್ಟದೆ ಯಾರೂ ತಟ್ಟಬಾರದು ಎಂದು ಸಭೆಗೇ ಗದರಿಸಿ ನಗಿಸಿದರು. ನಾನು ಡಬ್ಬದೊಳಗೆ ಟಾರ್ಚು ಹಿಡಿದು, ಬೆವರು ಒರೆಸಿಕೊಳ್ಳುತ್ತ, ಒಂದು ಹೆಜ್ಜೆ ಮುಂದಿದ್ದೆ.

ಜ್ವರದ ಭಾಗ ಬಂತು. “ಜ್ವರ ಇಳಿಯಿತು,” ಎಂದರು ಗೆರ್ಡಾ ಆಂಟಿ. ಸರಿಯಾಗಿ ಆಗಲೇ ಹೊರಗೆ ಯಾರೋ ಬಿದ್ದ ಮರ ಕೊಯ್ಯಲು ಮೆಷಿನ್ನು ಹಚ್ಚಿದರು. ತೆರೆದ ಬಾಗಿಲಿನಿಂದ ಆ ಕರ್ಕಶ ಸದ್ದು, ಅದರ ಹಿಂದೆ ಪೈನಿನ ವಾಸನೆ, ಹಾಲನ್ನೆಲ್ಲ ತುಂಬಿತು. ನಾನು ಮುಂದಿನ ಮಾತು ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಅವರ ಕಣ್ಣು ನನ್ನ ಬಾಯನ್ನು ಹುಡುಕುತ್ತಿತ್ತು, ಕೈಬೆರಳು ರೇಷ್ಮೆಯ ಅಂಚನ್ನು ಹಿಚುಕುತ್ತಿತ್ತು. ಸಭೆ ಕಾಯುತ್ತಿತ್ತು. ಮೆಷಿನ್ನು ನಿಲ್ಲಲಿಲ್ಲ. ಡಬ್ಬವನ್ನು ಪಕ್ಕಕ್ಕೆ ತಳ್ಳಿ ಎದ್ದು ನಿಂತು, ಮಂಡಿ ಮೊಹಲ್ಲಾದ ಬೀದಿಯಲ್ಲಿ ತಮ್ಮನನ್ನು ಕೂಗುವ ದನಿಯಲ್ಲಿ ಮುಂದಿನ ಸಾಲು ಕೂಗಿದೆ. ಅವರು ಅದನ್ನು ಹಿಡಿದುಕೊಂಡರು. ಇನ್ನೊಂದು ಸಾಲು ಕೂಗಿದೆ, ಅದನ್ನೂ ಹಿಡಿದುಕೊಂಡರು. ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟದ್ದನ್ನು ಮಕ್ಕಳು ತಿರುಗಿ ಹೇಳುವ ಹಾಗೆ, ಕೊನೆಯವರೆಗೂ ನಾನು ಹೇಳಿ ಅವರು ಹೇಳಿ, ನಾಟಕ ಮುಗಿಯಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಡುಗಿ ಎದ್ದು ನಿಂತು ಹೇಳಿಕೊಟ್ಟ ಭಾಗವೇ ಎಲ್ಲಕ್ಕಿಂತ ಚೆನ್ನಾಗಿತ್ತು, ಎಷ್ಟು ಒಳ್ಳೆಯ ಕಲ್ಪನೆ ಎಂದು ಪಾದ್ರಿ ಕೈ ಕುಲುಕಿದರು. ರಾಲ್ಫ್ ಕಣ್ಣೊರೆಸಿಕೊಂಡ. ನಾನು ಉಬ್ಬಿಹೋಗಿದ್ದೆ. ಹಾಲಿನ ಹಿಂದಿನ ಅಡುಗೆಮನೆಯಲ್ಲಿ ಗೆರ್ಡಾ ಆಂಟಿ ಒಬ್ಬರೇ ಕುಳಿತು ಮುಖದ ಬಣ್ಣ ಒರೆಸುತ್ತಿದ್ದರು.

“ಅವರು ನನ್ನ ತಪ್ಪಿಗೆ ಚಪ್ಪಾಳೆ ತಟ್ಟಿದರು,” ಎಂದರು. “ಪೆಟ್ಟಿಗೆಯ ದನಿ ಸಭೆಗೆ ಕೇಳಿಸಿದರೆ ಆ ದಿನ ನಾಟಕ ಆಗಿಲ್ಲ ಅಂತಲೇ ಲೆಕ್ಕ.”

ನನಗೆ ಕೋಪ ನೆತ್ತಿಗೇರಿತು. ಅಷ್ಟು ಜನರ ಮುಂದೆ ಮಾನ ಉಳಿಸಿದವಳು ನಾನು, ಒಂದು ಥ್ಯಾಂಕ್ಸ್ ಕೂಡ ಇಲ್ಲ. ಮನೆಯವರೆಗೂ ಮುಖ ಊದಿಸಿಕೊಂಡು ನಡೆದೆ. ಆದರೆ ಕೋಣೆಯಲ್ಲಿ ಕುಳಿತು ಯೋಚಿಸಿದಾಗ ದಾದಾ ನೆನಪಾದರು. ದರ್ಬಾರಿನಲ್ಲಿ ಒಂದು ಸ್ವರ ತಪ್ಪಿದ ದಿನ, ಯಾರೂ ಗಮನಿಸದಿದ್ದರೂ, ದಾದಾ ಮನೆಗೆ ಬಂದು ಊಟ ಮಾಡುತ್ತಿರಲಿಲ್ಲ ಎಂದು ದಾದಿ, ಅಂದರೆ ನಮ್ಮಜ್ಜಿ, ಹೇಳುತ್ತಿದ್ದರು. ಬೇರೆಯವರ ಮೆಚ್ಚುಗೆಯಿಂದ ಹೊಟ್ಟೆ ತುಂಬದ ಜನ ಇವರು. ಬೆಳಿಗ್ಗೆ ಕೆಳಗಿಳಿದು ಬಂದಾಗ ಗೆರ್ಡಾ ಆಂಟಿ ಮಗನಿಗೂ ಪಾದ್ರಿಗೂ ಆಗಲೇ ಹೇಳಿಯಾಗಿತ್ತು. ಮುಂದಿನ ಭಾನುವಾರ ಇನ್ನೊಮ್ಮೆ. ನನ್ನನ್ನು ಕೇಳಲೂ ಇಲ್ಲ, ನಾನೂ ಇಲ್ಲವೆನ್ನಲಿಲ್ಲ.

ಅವರು ಜಾರ್ಜಿಯಾಕ್ಕೆ ಹೋದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಿದರೆ ಬೇಕೆಂದೇ ಅಳಿಸಿದ ಹಾಗಾಗುತ್ತದೆ. ಅಕ್ಟೋಬರಿನಲ್ಲಿ ಮಗನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು, ನಗುತ್ತಲೇ ಹೋದರು. ಕಮ್ಮಿಂಗ್‌ನಲ್ಲಿ ಮೊಮ್ಮಕ್ಕಳ ಶಾಲೆಯ ನಾಟಕಕ್ಕೆ ತಾವೇ ಪ್ರಾಂಪ್ಟರ್ ಆಗಿ ಕುಳಿತೆ ಎಂದು ಫೋನು ಮಾಡಿದ್ದರು, ಹಾಳೆ ಎದುರಿಗಿದ್ದರೆ ಮಾತು ಎಲ್ಲಿಗೂ ಓಡಿಹೋಗುವುದಿಲ್ಲವಂತೆ. ನಾನೂ ಆ ಚಳಿಗಾಲದಲ್ಲಿ ಡ್ರೈವಿಂಗ್ ಟೆಸ್ಟು ಪಾಸಾದೆ. ಅವರು ಇನ್ನೂ ಎಂಟು ವರ್ಷ ಬದುಕಿದ್ದರು, ಅಷ್ಟೂ ವರ್ಷ ಈದ್‌ಗೆ ನನಗೆ ಮರೆಯದೆ ಫೋನು ಮಾಡಿದರು.

ಎರಡನೆಯ ಭಾನುವಾರದ ಹೊತ್ತಿಗೆ ಕರೆಂಟು ಬಂದಿತ್ತು, ಟಿವಿಯಲ್ಲಿ ಫುಟ್‌ಬಾಲ್ ಶುರುವಾಗಿತ್ತು. ಹಾಲಿನಲ್ಲಿ ಖಾಲಿ ಕುರ್ಚಿಗಳ ಸಾಲು. ರಾಲ್ಫ್ ರಜೆ ಮುಂದುವರಿಸಿ ಉಳಿದಿದ್ದ. ಪಾದ್ರಿ ಮತ್ತವರ ಹೆಂಡತಿ, ಬೀದಿಯ ಇಬ್ಬರು ಮುದುಕಿಯರು, ವೀಣಾ ಮತ್ತು ಅರುಣ, ಅಷ್ಟೇ ಸಭೆ. ಬಾಗಿಲು ಮುಚ್ಚಿತ್ತು, ಎಸಿ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಗೆರ್ಡಾ ಆಂಟಿ ತುಂಬಿದ ಸಭೆಗೆ ಬಂದಂತೆಯೇ ಬಂದರು. ನಾನು ಸಾಲು ಹೇಳಿದೆ, ಅವರು ಸಾಲು ಎತ್ತಿಕೊಂಡರು. ಯಾವುದು ನೆನಪಿತ್ತು, ಯಾವುದು ಮರೆತಿತ್ತು ಎಂದು ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ.

ಜ್ವರದ ಭಾಗ ಬಂತು. “ಜ್ವರ ಇಳಿಯಿತು,” ಎಂದರು. ನಾನು ಮುಂದಿನ ಸಾಲು ಕೊಟ್ಟೆ. ಅವರು ಹೇಳಲಿಲ್ಲ. ಸುಮ್ಮನೆ ನಿಂತರು. ಮತ್ತೆ ಹೋಯಿತು ಎಂದುಕೊಂಡೆ. ಏಳಲೋ ಬೇಡವೋ ಎಂದು ಮಂಡಿ ಆಗಲೇ ಮೇಲೆದ್ದಿತ್ತು. ತಲೆಯೆತ್ತಿ ನೋಡಿದರೆ ಅವರ ಕಣ್ಣು ನನ್ನನ್ನು ಹುಡುಕುತ್ತಿರಲಿಲ್ಲ, ಸಭೆಯ ಮೇಲಿತ್ತು. ಮಾತು ಅವರ ಬಳಿ ಭದ್ರವಾಗಿತ್ತು. ಅದನ್ನು ಯಾವಾಗ ಕೊಡಬೇಕೆಂದು ಅವರು ತೀರ್ಮಾನ ಮಾಡುತ್ತಿದ್ದರು, ಅಷ್ಟೇ. ಕುರ್ಚಿಯಲ್ಲಿ ಯಾರೋ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಆಗ ಮೆಲ್ಲಗೆ, “ನಾನು ಬಾಯಿ ತೆರೆದೆ,” ಎಂದರು. ಅಲ್ಲಿಂದ ಕೊನೆಯ ಹಾಡಿನವರೆಗೆ, ಪೆಟ್ಟಿಗೆಯೊಳಗಿನ ಡೊರೊಥಿಯಾ ತನ್ನ ಹಾಡನ್ನು ಬೇರೊಬ್ಬಳ ಬಾಯಿಗೆ ಇಡುವವರೆಗೆ, ಒಂದು ಅಕ್ಷರ ಜಾರಲಿಲ್ಲ.

ಆ ಏಳು ಜನರ ಚಪ್ಪಾಳೆ ಬಹಳ ಹೊತ್ತು ನಡೆಯಿತು. ಎಲ್ಲರೂ ಅವರನ್ನು ಸುತ್ತುವರಿದಾಗ ನಾನು ಡಬ್ಬದಿಂದ ತೆವಳಿಕೊಂಡು ಪಕ್ಕದ ಬಾಗಿಲಿನಿಂದ ಅಡುಗೆಮನೆಗೆ ಹೋಗಿ, ಜೋಮು ಹಿಡಿದ ಕಾಲನ್ನು ಉಜ್ಜಿಕೊಂಡು, ಅವರಿಗೆ ನೀರು ತುಂಬಿದೆ. ಗೆರ್ಡಾ ಆಂಟಿ ಒಳಗೆ ಬಂದು ಲೋಟ ಇಸಿದುಕೊಂಡರು. ಹಿಂದೆಯೇ ವೀಣಾ ಬಂದಳು.

“ಎಲ್ಲಿಗೆ ಹೋಗಿದ್ದೆ ಕಣೇ ನೀನು?” ಎಂದಳು. “ಹೋದ್ ವಾರ ಎದ್ ನಿಂತು ಹೇಳ್ಕೊಟ್ಟಿದ್ದು ಎಷ್ಟ್ ಚೆನ್ನಾಗಿತ್ತು. ಇವತ್ತು ಬಾಕ್ಸ್ ಖಾಲಿ ಅಂತ ನಾನೂ ಅರುಣೂ ಮಾತಾಡ್ಕೊಂಡ್ವಿ. ಆಂಟಿ ಎಲ್ಲಾ ಬೈಹಾರ್ಟ್ ಮಾಡ್ಬಿಟ್ಟಿದಾರೆ ಅಲ್ವಾ? ಒಬ್ರೇ ನಿಂತು ಏನ್ ಹೇಳಿದ್ರು!”

ಏನಂತೆ ಎಂದು ಗೆರ್ಡಾ ಆಂಟಿ ನನ್ನನ್ನು ಕೇಳಿದರು. ನಾನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ನೀರಿನ ಲೋಟ ಕೆಳಗಿಟ್ಟು, ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಬಣ್ಣ ಹಚ್ಚಿದ ಕೆನ್ನೆಯ ಮೇಲೆ ಕಣ್ಣೀರು ಗೆರೆ ಎಳೆಯುತ್ತಿತ್ತು.

“ಅವಳಿಗೆ ನಿಜ ಹೇಳಬೇಡ,” ಎಂದರು.

ನಾನು ವೀಣಾ ಕಡೆ ತಿರುಗಿ, “ಹೌದು ಕಣೇ, ಇವತ್ತು ಬರೋದು ಲೇಟ್ ಆಗೋಯ್ತು,” ಎಂದೆ. ಅಷ್ಟು ಹೆಮ್ಮೆಯಿಂದ ನಾನು ಇನ್ನೊಂದು ಸುಳ್ಳು ಹೇಳಿದ್ದಿಲ್ಲ.